ಪ್ರತಿ: ಎಫ್, ಡಿ ಕೀ ಅದಲುಬದಲು ಮಾಡಲೇ?

ಮನೆಯಲ್ಲಿ ನುಡಿ ತಂತ್ರಾಂಶದ ಕಗಪ ಕೀಬೋರ್ಡ್ ವಿನ್ಯಾಸ, ಕಾಸರಗೋಡಿನ ಆಫೀಸಿನಲ್ಲಿ ಭಾರತೀಯ ಭಾಷೆಗಳ ಇನ್‌ಸ್ಕ್ರಿಪ್ಟ್ ವಿನ್ಯಾಸ, ಒತ್ತಕ್ಷರಕ್ಕೆ ಬೆರಳು ತಪ್ಪುತ್ತದೆ, ಎಫ್, ಡಿ ಕೀ ಅದಲುಬದಲು ಮಾಡಲೇ ಅಂದಿರಿ. ತಪ್ಪದೆ ಇರುತ್ತದಾ? ಕಗಪದಲ್ಲಿ ಒತ್ತಿಗೆ ಎಫ್, ಇನ್‌ಸ್ಕ್ರಿಪ್ಟಿನಲ್ಲಿ ಡಿ. ಇನ್‌ಸ್ಕ್ರಿಪ್ಟಿನಲ್ಲಿ ಎಫ್ ಒತ್ತಿದರೆ ಗುಡಿಸು ಬಂದು 'ಕ್' ಹೋಗಿ 'ಕಿ' ಆಗುತ್ತದೆ.

ಆದರೆ ವಿಂಡೋಸಿನ ಪವರ್‌ಟಾಯ್ಸ್ ಎಂಬ ತಂತ್ರಾಂಶದಲ್ಲಿ ಕೀ ಬದಲಿಸಬೇಡಿ ಮಾರಾಯ್ರೆ. ಇಂಗ್ಲಿಷಿಗೂ ಅದೇ ಬದಲಾವಣೆ ಅಂಟುತ್ತದೆ, 'ಫೈಲ್' ಹೊಡೆದರೆ 'ಡೈಲ್' ಬರುತ್ತದೆ! ಕ್ಯಾಪ್ಸ್ ಲಾಕಿನಂಥ ಕೆಲಸಕ್ಕೆ ಬಾರದ ಕೀಗೆ ಅದು ಸರಿ.

ಇನ್‌ಸ್ಕ್ರಿಪ್ಟನ್ನೇ ಕಲಿತುಬಿಡಿ. ಸ್ವರಗಳು ಬಹುತೇಕ ಎಡಗೈಗೆ, ವ್ಯಂಜನ ಹೆಚ್ಚಾಗಿ ಬಲಗೈಗೆ. ಕನ್ನಡದ 'ಕ' ಇರುವ ಕೀಯಲ್ಲೇ ಮಲಯಾಳದ 'ಕ'ವೂ ಇದೆ. ಎರಡೂ ಭಾಷೆಯಲ್ಲಿ ಅರ್ಜಿ ಬರೆಯಬೇಕಾದ ನಮ್ಮೂರಿನವರಿಗೆ ಇದಕ್ಕಿಂತ ಜಾಸ್ತಿ ಏನು ಬೇಕು ಹೇಳಿ? ಭಾಷೆ ಬದಲಿಸಲು ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರಾಯಿತು.