ಆದಾಯದ ಬದಲು ಖರ್ಚಿನ ಮೇಲೆ ಏರಿಕೆ ದರದ ತೆರಿಗೆ ಹಾಕಿ, ಉಳಿತಾಯವನ್ನು ಬಿಟ್ಟುಬಿಡುವುದು ಸರಿಯೇ?

ತರ್ಕ ಚೆನ್ನಾಗಿದೆ, ಜಾರಿ ಕಷ್ಟ. ಭಾರತವೇ ಇದನ್ನು ಮಾಡಿ ನೋಡಿದೆ. ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡರ್ 1956ರಲ್ಲಿ ಕೊಟ್ಟ ವರದಿಯ ಬೆನ್ನಲ್ಲೇ, ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ 1957ರಲ್ಲಿ ವೆಚ್ಚ ತೆರಿಗೆ ಕಾಯ್ದೆ ತಂದರು. ದುಡಿಯುವವನು ಊರಿನ ಕಣಜಕ್ಕೆ ಕಾಳು ಹಾಕುತ್ತಾನೆ, ಖರ್ಚು ಮಾಡುವವನು ತೆಗೆಯುತ್ತಾನೆ. ತೆಗೆದವನಿಗೇ ತೆರಿಗೆ ಇರಲಿ ಎಂಬುದು ವಾದ. ಆದರೆ ಸಿರಿವಂತರ ಮನೆಯ ಮದುವೆ, ಪ್ರವಾಸಗಳ ಲೆಕ್ಕ ಹಿಡಿಯುವ ಅಧಿಕಾರಿ ಎಲ್ಲಿ ಸಿಗಬೇಕು? ಬಂದ ಹಣ ಅತ್ಯಲ್ಪ. 1962ರಲ್ಲಿ ರದ್ದಾಯಿತು, 1964ರಲ್ಲಿ ಮರಳಿತು, 1966ರಲ್ಲಿ ಮತ್ತೆ ಹೋಯಿತು.

ನನ್ನ ತಕರಾರು ಬೇರೆಯದು. ಉಳಿಸಲು ಮೊದಲು ಮಿಗಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ನಿಗದಿತ ಉಳಿತಾಯಗಳಿಗೆ ಕೊಡುವ, 80ಸಿ ಎಂದೇ ಹೆಸರಾದ ವಿನಾಯಿತಿಯನ್ನೇ ನೋಡಿ: 1.5 ಲಕ್ಷ ರೂಪಾಯಿ ಪೂರ್ತಿ ಹೂಡಿದರೆ ಶೇ 30ರ ಹಂತದವರಿಗೆ ಸೆಸ್ ಬಿಟ್ಟು 45,000 ರೂಪಾಯಿ ಉಳಿಯುತ್ತದೆ, ಶೇ 20ರವರಿಗೆ 30,000. ತೆರಿಗೆಯೇ ಬಾರದಷ್ಟು ಕಡಿಮೆ ಗಳಿಸುವವರು ಕಷ್ಟಪಟ್ಟು ಅಂಚೆ ಕಚೇರಿಯಲ್ಲಿ ಹಣ ಇಟ್ಟರೂ ಈ ವಿನಾಯಿತಿಯಿಂದ ಸಿಗುವುದು ಸೊನ್ನೆ. ಇದು ಉಳಿತಾಯಕ್ಕೆ ಬಹುಮಾನವೋ, ಸಂಬಳಕ್ಕೋ?

ಕೂಡಿಟ್ಟ ಹಣಕ್ಕೆ ಮುಂದೆಯೂ ತೆರಿಗೆ ಇಲ್ಲವೆಂದರೆ ಸಂಪತ್ತು ತಲೆಮಾರುಗಟ್ಟಲೆ ಬೆಳೆಯುತ್ತದೆ. ಕಾಲ್ಡರ್ ಇದನ್ನು ಅರಿತೇ ಸಂಪತ್ತು ತೆರಿಗೆಯನ್ನೂ ಜೊತೆಗೆ ಸೂಚಿಸಿದ್ದರು. ನಾವು ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ಎಸ್ಟೇಟ್ ಸುಂಕವನ್ನು 1985ರಲ್ಲಿ, ಸಂಪತ್ತು ತೆರಿಗೆಯನ್ನು 2015ರಲ್ಲಿ ಕೈಬಿಟ್ಟಿದ್ದೇವೆ. ಅವೆರಡರ ಬದಲಿಗೆ ಏನಾದರೂ ಬರುವವರೆಗೆ, ಉಳಿತಾಯಕ್ಕೆ ಪೂರ್ತಿ ವಿನಾಯಿತಿ ಕೊಡುವುದನ್ನು ನಾನು ಒಪ್ಪಲಾರೆ.