ಓದುಗರ ಪ್ರಶ್ನೆ: ಇದು ಯಾರ ಕನಸು?

ಪ್ರಶ್ನೆ: ಮಗಳ ಒತ್ತಾಯಕ್ಕೆ ಕ್ರಿಸ್ಟೋಫರ್ ನೋಲನ್ ಅವರ ‘ಇನ್‌ಸೆಪ್ಷನ್’ ನೋಡಿದೆ. ಕನಸಿನೊಳಗೊಂದು ಕನಸು, ಅದರೊಳಗೆ ಇನ್ನೊಂದು ಎಂದು ಸಾಗುತ್ತ, ಹಿಮದ ಕೋಟೆಯ ಕಾಳಗ ಬರುವ ಹೊತ್ತಿಗೆ ನಾನು ದಾರಿ ತಪ್ಪಿದ್ದೆ. ಕೊನೆಗೆ ಬುಗುರಿ ಬೀಳುತ್ತದೆಯೋ ಇಲ್ಲವೋ ಎಂಬುದೂ ತಿಳಿಯಲಿಲ್ಲ. ಮತ್ತೊಮ್ಮೆ ನೋಡಿದರೆ ಅರ್ಥವಾದೀತೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಆಗುತ್ತದೆ. 2010ರಲ್ಲಿ ತೆರೆಕಂಡ ಈ ಚಿತ್ರ ಎರಡೂವರೆ ಗಂಟೆಯಷ್ಟು ಉದ್ದವಿದ್ದರೂ ತಾನು ಹಾಕಿಕೊಂಡ ನಿಯಮಗಳನ್ನು ಬಹುಮಟ್ಟಿಗೆ ಪಾಲಿಸುತ್ತದೆ. ಕಾಬ್ ಎಂಬವನ ತಂಡವೊಂದು ಬೇರೊಬ್ಬನ ಮನಸ್ಸಿನಲ್ಲಿ ಒಂದು ವಿಚಾರವನ್ನು ಬಿತ್ತಲು ಹಂತ ಹಂತವಾಗಿ ಕನಸಿಗೆ ಇಳಿಯುವ ಕಥೆ ಇದು. ಈ ಸಲ ಒಂದನ್ನು ಮಾತ್ರ ಗಮನಿಸಿ: ಉಳಿದವರೆಲ್ಲ ಕೆಳಗಿನ ಹಂತಕ್ಕೆ ಇಳಿಯುವಾಗ ಎಚ್ಚರವಾಗಿ ಹಿಂದೆ ಉಳಿಯುವವನು ಯಾರೋ, ಆ ಹಂತದ ಕನಸು ಅವನದು. ಮಳೆಯ ನಗರದಲ್ಲಿ ವ್ಯಾನ್ ಓಡಿಸುತ್ತ ಉಳಿಯುವವನು ಔಷಧ ಬೆರೆಸುವ ಯೂಸುಫ್. ಹೋಟೆಲಿನಲ್ಲಿ ಉಳಿಯುವವನು ಆರ್ಥರ್. ಹಿಮದ ಕೋಟೆ ಈಮ್ಸ್‌ನ ಕನಸು. ಮಲಗಿದ ದೇಹಕ್ಕೆ ಮೇಲೆ ಆದದ್ದು ಕೆಳಗಿನ ಕನಸಿಗೂ ತಟ್ಟುತ್ತದೆ. ಯೂಸುಫ್ ಮೂತ್ರ ವಿಸರ್ಜಿಸದೆ ಮಲಗಿದ್ದರಿಂದಲೇ ಆ ನಗರದಲ್ಲಿ ಅಷ್ಟು ಮಳೆ. ವ್ಯಾನ್ ಸೇತುವೆಯಿಂದ ಬೀಳುತ್ತಿರುವಾಗ ಆರ್ಥರ್ ಹೋಟೆಲಿನಲ್ಲಿ ತೂಕವಿಲ್ಲದೆ ತೇಲುತ್ತಾನೆ.

ಬುಗುರಿ ನಿಲ್ಲದೆ ತಿರುಗುತ್ತಿದ್ದರೆ ಅದು ಕನಸು, ಬಿದ್ದರೆ ನಿಜ ಎಂಬುದು ಕಾಬ್‌ನ ಲೆಕ್ಕ. ಅದರ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು. ಅದು ಬೀಳುವ ಮೊದಲೇ ಚಿತ್ರ ಮುಗಿಯುತ್ತದೆ, ಆದರೆ ಅದಕ್ಕೂ ಮುಂಚೆಯೇ ಕಾಬ್ ಅದಕ್ಕೆ ಬೆನ್ನು ಮಾಡಿ ಮಕ್ಕಳ ಕಡೆಗೆ ನಡೆದಿರುತ್ತಾನೆ. ಚಿತ್ರದುದ್ದಕ್ಕೂ ಮಕ್ಕಳ ಮುಖ ಕಾಣದೆ ಪರಿತಪಿಸಿದ ತಂದೆಗೆ ಆ ಗಳಿಗೆಯಲ್ಲಿ ಬುಗುರಿ ಬೇಕಾಗಿಲ್ಲ. ನನಗೆ ಪ್ರತಿ ಸಲವೂ ಕಣ್ಣು ತುಂಬಿ ಬರುವುದು ಅಲ್ಲಿಯೇ.

ಪ್ರಶ್ನೆ: ನಿಜ ಜಗತ್ತಿನ ಐದು ನಿಮಿಷ ಕನಸಿನಲ್ಲಿ ಒಂದು ಗಂಟೆಯಾಗುತ್ತದೆ ಎಂದು ಆ ಚಿತ್ರದಲ್ಲಿ ಹೇಳುತ್ತಾರೆ. ವಿಜ್ಞಾನ ಇದನ್ನು ಒಪ್ಪುತ್ತದೆಯೆ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಇಲ್ಲ. ನಿದ್ರೆಯ ಒಂದು ಹಂತದಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುತ್ತವೆ ಎಂಬುದನ್ನು 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಪ್ರಕಟಿಸಿದರು. ಆ ಹಂತದಲ್ಲಿ ಎಬ್ಬಿಸಿದವರು ಹೆಚ್ಚಾಗಿ ಕನಸನ್ನು ವಿವರಿಸುತ್ತಿದ್ದರು. ಬಳಿಕ 1957ರಲ್ಲಿ ಡಿಮೆಂಟ್ ಮತ್ತು ಕ್ಲೈಟ್‌ಮನ್, ಆ ಹಂತ ಆರಂಭವಾಗಿ 5 ಅಥವಾ 15 ನಿಮಿಷವಾದ ಮೇಲೆ ಎಬ್ಬಿಸಿ, ಎಷ್ಟು ಹೊತ್ತು ಕನಸು ಕಂಡಿರಿ ಎಂದು ಕೇಳಿದಾಗ, ಬಹುತೇಕ ಸಲ ಉತ್ತರ ಸರಿಯಾಗಿತ್ತು. ಅಂದರೆ ಕನಸಿನ ಕಾಲ ಗಡಿಯಾರದ ಕಾಲಕ್ಕೆ ಸಮೀಪವಾಗಿಯೇ ಇರುತ್ತದೆ.

ಹಾಗಿದ್ದರೂ ಒಂದು ಕನಸಿನಲ್ಲಿ ದಿನವೆಲ್ಲ ಕಳೆದಂತೆ ನಮಗೇಕೆ ಅನ್ನಿಸುತ್ತದೆ? ಇದಕ್ಕೆ ಉತ್ತರವನ್ನು, ನನ್ನ ಎಣಿಕೆಯಲ್ಲಿ, ಆ ಚಿತ್ರವೇ ಪ್ಯಾರಿಸ್ಸಿನ ಕೆಫೆಯ ದೃಶ್ಯದಲ್ಲಿ ಕೊಟ್ಟಿದೆ. ನಾವು ಇಲ್ಲಿಗೆ ಹೇಗೆ ಬಂದೆವು ಎಂದು ಕಾಬ್ ಕೇಳಿದಾಗ ತಂಡಕ್ಕೆ ಕನಸಿನ ಲೋಕ ಕಟ್ಟಿಕೊಡುವ ಅರಿಯಾಡ್ನಿಗೆ ಉತ್ತರ ಹೊಳೆಯುವುದಿಲ್ಲ, ಏಕೆಂದರೆ ಆ ಕೆಫೆಯೂ ಕನಸೇ, ಅವರು ಬಂದ ದಾರಿಯೇ ಇಲ್ಲ. ಕನಸು ನಡುವಿನಿಂದ ಶುರುವಾಗುತ್ತದೆ. ಅಜ್ಜಿಮನೆಯ ಜಗುಲಿಯಲ್ಲಿದ್ದವರು ಮರುಕ್ಷಣ ಪರೀಕ್ಷೆಯ ಕೊಠಡಿಯಲ್ಲಿರುತ್ತೇವೆ, ನಡುವಿನ ಪ್ರಯಾಣವನ್ನು ಮನಸ್ಸು ತಾನೇ ಇದ್ದಂತೆ ಎಣಿಸಿಕೊಳ್ಳುತ್ತದೆ. ಸಿನಿಮಾ ಮಾಡುವುದೂ ಇದನ್ನೇ. ಕೆಫೆಯ ದೃಶ್ಯ ಆರಂಭವಾದಾಗ ಅವರು ಅಲ್ಲಿಗೆ ಹೇಗೆ ಬಂದರೆಂದು ನೋಡುತ್ತಿದ್ದ ನಾವೂ ಕೇಳಿರಲಿಲ್ಲ. ಒಂದು ದೃಶ್ಯದಿಂದ ಇನ್ನೊಂದಕ್ಕೆ ಹಾರುವುದು ನಮಗೆ ಅಷ್ಟು ರೂಢಿಯಾಗಿದೆ. ವಿಜ್ಞಾನದ ಲೆಕ್ಕದಲ್ಲಿ ತಪ್ಪಿದ ಚಿತ್ರ ಕನಸಿನ ಸ್ವಭಾವವನ್ನು ಇಷ್ಟು ಸರಿಯಾಗಿ ಹಿಡಿದಿರುವುದು ನನಗೆ ಅದರ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಪ್ರಶ್ನೆ: ಕನ್ನಡದಲ್ಲಿ ಇಂಥ ಪ್ರಯತ್ನವಾಗಿದೆಯೆ?
– ಓದುಗರು, ಹುಬ್ಬಳ್ಳಿ

ಉತ್ತರ: ಪವನ್ ಕುಮಾರ್ ನಿರ್ದೇಶಿಸಿದ 2013ರ ‘ಲೂಸಿಯಾ’ ನೋಡಿ. ಪ್ರೇಕ್ಷಕರಿಂದಲೇ ಹಣ ಸಂಗ್ರಹಿಸಿ ಮಾಡಿದ ಚಿತ್ರವದು. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಆಸನ ತೋರಿಸುವ ಯುವಕ ನಿದ್ರೆಗಾಗಿ ಮಾತ್ರೆ ನುಂಗಿ ಕನಸಿನಲ್ಲಿ ತಾರಾನಟನಾಗುತ್ತಾನೆ. ಯಾವ ಬದುಕಿಗೆ ಬಣ್ಣವಿದೆ, ಯಾವುದು ಕಪ್ಪು ಬಿಳುಪಿನಲ್ಲಿದೆ ಎಂಬುದನ್ನು ಮೊದಲಿನಿಂದಲೇ ಗಮನಿಸಿ. ಅದಕ್ಕಿಂತ ಮುಂದೆ ನಾನು ಹೇಳಿದರೆ ನೀವು ನೋಡುವ ಸುಖವನ್ನು ಕಸಿದುಕೊಂಡಂತಾಗುತ್ತದೆ.