ಸ್ಕಿರ್ಮಿಯಾನ್‌ನಲ್ಲಿ ಬರೆದ ಮಾಹಿತಿ ಸುಲಭವಾಗಿ ಯಾಕೆ ಅಳಿಸುವುದಿಲ್ಲ?

ಸ್ಕಿರ್ಮಿಯಾನ್ ಎಂದರೆ ಕಾಂತವಸ್ತುವಿನೊಳಗಿನ ಪುಟ್ಟ ಸುಳಿ. ಸುಳಿ ಇದ್ದರೆ 1, ಇಲ್ಲದಿದ್ದರೆ 0, ಹೀಗೆ ಮಾಹಿತಿ ಬರೆಯಬಹುದು. ಇಡೀ ಸುತ್ತು ಬಿಚ್ಚದೆ ಅದು ಅಳಿಯುವುದಿಲ್ಲ, ಅದಕ್ಕೇ ಗಟ್ಟಿ.

ನಮ್ಮ ಮಂಡ್ಯದ ಕಡೆ ಎತ್ತು ಕೊಳ್ಳುವಾಗ ಸುಳಿ ನೋಡುತ್ತಾರೆ, ಅಲ್ವಾ? ಮೈ ಎಷ್ಟು ಉಜ್ಜಿದರೂ ಸುಳಿ ಹೋಗುವುದಿಲ್ಲ. ಇಲ್ಲೂ ಹಾಗೆಯೇ, ಕೂದಲಿನ ಬದಲು ಸ್ಪಿನ್. ಅಂದರೆ ಪರಮಾಣುವಿನ ಮಟ್ಟದ ಪುಟಾಣಿ ದಿಕ್ಸೂಚಿ ಮುಳ್ಳು ಅಂದುಕೊಳ್ಳಿ. ಸುಳಿಯ ನಡುವೆ ಮುಳ್ಳು ಕೆಳಕ್ಕೆ ತಿರುಗಿರುತ್ತದೆ, ಅಂಚಿನಲ್ಲಿ ಮೇಲಕ್ಕೆ. ಇವೆರಡರ ಮಧ್ಯೆ ಸಾಲುಸಾಲಾಗಿ ಮೆಲ್ಲಗೆ ಹೊರಳುತ್ತಾ ಹೋಗುತ್ತವೆ. ಒಂದೆರಡು ಮುಳ್ಳು ಅಲುಗಿದರೆ ಏನೂ ಆಗದು. ಸುಳಿ ಅಳಿಯಲು ನಡುವಿನವು ಅಕ್ಕಪಕ್ಕದವನ್ನು ಲೆಕ್ಕಿಸದೆ ಥಟ್ಟನೆ ಮಗುಚಬೇಕು. ಅದಕ್ಕೆ ಶಕ್ತಿ ಜಾಸ್ತಿ ಬೇಕು. ಹಾಗಂತ ಶಾಶ್ವತವೇನಲ್ಲ, ಬಿಸಿ ಹೆಚ್ಚಾದರೆ ಅಳಿಯುತ್ತದೆ.

2009ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ವಿಜ್ಞಾನಿಗಳು ಮ್ಯಾಂಗನೀಸ್ ಸಿಲಿಸೈಡ್ ಹರಳಿನಲ್ಲಿ ಇವನ್ನು ಕಂಡರು, ಅದೂ ಸುಮಾರು −245 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ. ಈಗ ಕೆಲವು ತೆಳು ಲೋಹದ ಪದರಗಳಲ್ಲಿ ಮಾಮೂಲಿ ಕೋಣೆಯ ಉಷ್ಣತೆಯಲ್ಲೂ ಸಿಗುತ್ತವೆ. ಕರೆಂಟ್ ಹಾಯಿಸಿ ಅವನ್ನು ತಳ್ಳಬಹುದು. ಆದರೆ ತಳ್ಳಿದರೆ ಸುಮ್ನೆ ನೇರ ಹೋಗುವುದಿಲ್ಲ, ಪಕ್ಕಕ್ಕೂ ಜಾರುತ್ತವೆ. ಈ ಚಾಳಿಯನ್ನು ಬಿಡಿಸುವುದು ದೊಡ್ಡ ತಲೆನೋವು.